ಸುತ್ತಿಗೆ ಮೇಡಂ ಡಾಕ್ಟರೇಟ್ ಮಾಡಿದ್ದು

ನಮ್ಮ ಆಸ್ಪತ್ರೆಯ ಮೂಳೆ ವಿಭಾಗದ ಡಾಕ್ಟರುಗಳಲ್ಲಿ ಅವರೊಬ್ಬರೇ ಹೆಂಗಸು. ಮೂಳೆ ಡಾಕ್ಟರಿಕೆ ಎಂದರೆ ಗರಗಸ ಎಳೆಯಬೇಕು, ಡ್ರಿಲ್ ಒತ್ತಬೇಕು, ತೋಳಲ್ಲಿ ಕಸುವಿರಬೇಕು ಎಂದು ನಂಬಿದ ಗಂಡಸರ ನಡುವೆ, ಕುಳ್ಳಗೆ ತೆಳ್ಳಗೆ ಇದ್ದ ಈ ಡಾಕ್ಟರು ಆಪರೇಷನ್ ಟೇಬಲ್ಲಿನ ಪಕ್ಕ ಒಂದು ಪುಟ್ಟ ಮೆಟ್ಟಿಲು ಹಾಕಿಸಿಕೊಂಡು, ಅದರ ಮೇಲೆ ನಿಂತು, ಮುರಿದ ತೊಡೆಯೊಳಗೆ ರಾಡು ಇಳಿಸಿ ಟಣ್ ಟಣ್ ಎಂದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಯಾವನೋ ಕಿಡಿಗೇಡಿ ಜೂನಿಯರ್ ಅವರಿಗೆ 'ಸುತ್ತಿಗೆ ಮೇಡಂ' ಎಂದು ಹೆಸರಿಟ್ಟ. ಅದು ಅವರ ಕಿವಿಗೂ ಬಿತ್ತು. ಮರುದಿನ ಮೀಟಿಂಗಿನ ಬಾಗಿಲಲ್ಲಿ ನಿಂತು, "ಸುತ್ತಿಗೆ ಬಂದಿದೆ, ತಲೆಗಳನ್ನ ಹುಷಾರಾಗಿ ಇಟ್ಕೊಳ್ಳಿ" ಎಂದರು. ಆಮೇಲೆ ಆ ಹೆಸರು ಅವಮಾನವಾಗಿ ಉಳಿಯಲಿಲ್ಲ, ಹೆಸರಾಗಿಯೇ ಉಳಿಯಿತು.

ನಾನು ಅದೇ ವಿಭಾಗದ ಫಿಸಿಯೋಥೆರಪಿಸ್ಟ್. ಅವರು ಕೂಡಿಸಿದ ಮೂಳೆಯನ್ನು ನಡೆಸುವುದು ನನ್ನ ಕೆಲಸ. ಹಾಗಾಗಿ ಅವರ ಡಾಕ್ಟರೇಟಿನ ಕತೆಯಲ್ಲಿ ನಾನೂ ಉದ್ದಕ್ಕೂ ಜೊತೆಗಿದ್ದೆ.

ಅದು ಶುರುವಾದದ್ದು ಒಂದು ಎಕ್ಸ್‌ರೇಯಿಂದ. ವಯಸ್ಸಾದ ಒಬ್ಬ ಗಡಿಯಾರ ರಿಪೇರಿಯವರು ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡಿದ್ದರು. ಮೇಡಂ ಮಾಡಿದ ಆಪರೇಷನ್ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆ ಎಕ್ಸ್‌ರೇಯನ್ನು ಅವರು ಪಾಠಕ್ಕೆ ಬಳಸುತ್ತಿದ್ದರು. ಕೆಲವು ತಿಂಗಳ ಮೇಲೆ ಆ ಮುದುಕರ ಮಗ ಯಾವುದೋ ಸರ್ಟಿಫಿಕೇಟಿಗಾಗಿ ಓಪಿಡಿಗೆ ಬಂದ. ಮೇಡಂ ಗುರುತು ಹಿಡಿದು, "ಅಪ್ಪ ಹೇಗೆ ನಡೀತಿದ್ದಾರೆ?" ಎಂದು ಖುಷಿಯಿಂದ ಕೇಳಿದರು.

"ಅಪ್ಪ ಹೋಗ್ಬಿಟ್ರಲ್ಲ ಡಾಕ್ಟ್ರೇ," ಎಂದ ಅವನು. "ಇಲ್ಲಿಂದ ಮನೆಗೆ ಕರ್ಕೊಂಡು ಹೋದ ಮೇಲೆ ಅವರು ಎದ್ದೇ ಇಲ್ಲ. ಬೆನ್ನೆಲ್ಲ ಹುಣ್ಣಾಗಿ, ಊಟ ಬಿಟ್ಟು, ಹಂಗೇ ಹೋದ್ರು."

ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಇದ್ದಿದ್ದರೆ ಮೇಡಂಗೆ ಇಷ್ಟು ನಾಟುತ್ತಿರಲಿಲ್ಲವೇನೋ. ಅವತ್ತು ಮಧ್ಯಾಹ್ನ ಅವರು ಆ ಎಕ್ಸ್‌ರೇಯನ್ನು ಲೈಟಿನ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡುತ್ತ ಕೂತಿದ್ದರು. ನಾನು ಒಳಗೆ ಹೋದಾಗ, "ಇದರಲ್ಲಿ ತಪ್ಪು ಏನಾದ್ರೂ ಕಾಣ್ಸುತ್ತಾ ನಿನಗೆ?" ಎಂದರು. ಇಲ್ಲ ಎಂದೆ. "ನನಗೂ ಕಾಣ್ತಿಲ್ಲ. ಅದೇ ತಾಪತ್ರಯ" ಎಂದರು.

ಆಗ ಅವರಿಗೆ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಮತ್ತೆ ವಿದ್ಯಾರ್ಥಿಯಾದರು. ವಿಭಾಗದ ಹಿರಿಯ ಪ್ರೊಫೆಸರರೇ ಗೈಡ್. ಅವರು ಮೊದಲಿಗೆ ಮೂಗು ಮುರಿದರು. "ಯಾವುದಾದ್ರೂ ಹೊಸ ಪ್ಲೇಟೋ ಸ್ಕ್ರೂನೋ ತಗೊಳ್ಳಿ ತಾಯಿ. ಲ್ಯಾಬಲ್ಲಿ ಕೂತು ಮುಗಿಸ್ಬಹುದು. ಮನೆಮನೆ ಅಲೆಯೋ ಗ್ರಹಚಾರ ಯಾಕೆ?" ಮೇಡಂ ಪಟ್ಟು ಬಿಡಲಿಲ್ಲ. ಸೊಂಟ ಮುರಿದು ಆಪರೇಷನ್ ಮಾಡಿಸಿಕೊಂಡ ಮುದುಕ ಮುದುಕಿಯರು ಮನೆಗೆ ಹೋದ ಮೇಲೆ ಏನಾಗುತ್ತಾರೆ, ಯಾರು ಮತ್ತೆ ನಡೆಯುತ್ತಾರೆ, ಯಾರು ಮಲಗಿದಲ್ಲೇ ಉಳಿಯುತ್ತಾರೆ, ಯಾಕೆ? ಇದೇ ಅವರ ವಿಷಯ. ಒಂದು ವರ್ಷದ ತನಕ ಆಗಾಗ ಅವರವರ ಮನೆಗೇ ಹೋಗಿ ನೋಡಬೇಕು. ನಾವಾಗಿ ಏನೂ ಮಾಡುವ ಹಾಗಿಲ್ಲ, ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುವುದನ್ನು ಹೇಳಿ ಕಳಿಸುವುದು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವುದು. ನಡಿಗೆಯ ಪರೀಕ್ಷೆ ಮಾಡಲು ಅವರು ನನ್ನನ್ನು ಜೊತೆಗೆ ಕರೆದರು.

ಆ ಮನೆಗಳನ್ನು ನಾನು ಮರೆಯಲಾರೆ. ಎಲ್ಲ ಕಡೆಯೂ ಮಂಚ ಗೋಡೆಗೆ ತಾಗಿಕೊಂಡಿರುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ನೀರಿನ ಬಾಟಲಿ, ಮಾತ್ರೆಯ ಪಟ್ಟಿ, ಕನ್ನಡಕ. ಆಸ್ಪತ್ರೆಯಿಂದ ಕೊಟ್ಟ ವಾಕರ್ ಮೂಲೆಯಲ್ಲಿ ಟವೆಲು ಒಣಗಿಸುವ ಸ್ಟ್ಯಾಂಡಾಗಿರುತ್ತಿತ್ತು. ಒಂದು ಮನೆಯಲ್ಲಿ ಸೊಸೆ ಬಾಗಿಲಲ್ಲೇ ತಡೆದು, "ಅವರಿದ್ದಾಗ ಬಂದು ನೋಡಿದ್ರೆ ಚೆನ್ನಾಗಿತ್ತು" ಎಂದು ಬಾಗಿಲು ಹಾಕಿಕೊಂಡಳು. ಇನ್ನೊಂದು ಮನೆಯಲ್ಲಿ ಮಾತ್ರ ಒಬ್ಬ ಅಜ್ಜಿ ಕೋಲೂರಿಕೊಂಡು ನಮ್ಮನ್ನು ಗೇಟಿನ ತನಕ ಕಳಿಸಲು ಬಂದು, "ನನ್ನ ಗಂಡ ಇದ್ದಾಗ ಇಷ್ಟು ಓಡಾಡಿರ್ಲಿಲ್ಲ ನೋಡಿ" ಎಂದು ನಗಿಸಿದರು. ಅಂಥವರು ಕಡಿಮೆ. ಬೈಕಿನಲ್ಲಿ ನನ್ನ ಹಿಂದೆ ಕೂತು ವಾಪಸು ಬರುವಾಗ ಮೇಡಂ ಎದ್ದವರೆಷ್ಟು, ಏಳದವರೆಷ್ಟು ಎಂದು ಲೆಕ್ಕ ಹಾಕುತ್ತಿದ್ದರು.

ಮೇಡಂ ಮದುವೆಯಾಗಿರಲಿಲ್ಲ. ಅವರು ಮತ್ತು ಅವರಮ್ಮ ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಅಮ್ಮ ಕಾಲವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮಾತಿನ ಮಲ್ಲಿ. ಎಂಬತ್ತರ ಹತ್ತಿರ ಬಂದರೂ ದನಿ ಮಾತ್ರ ಮೂವತ್ತರದ್ದು; ಫೋನಿನಲ್ಲಿ ಕೇಳಿದವರು ಮೇಡಂನ ತಂಗಿ ಎಂದುಕೊಳ್ಳುತ್ತಿದ್ದರು. ನಾನು ವ್ಯಾಯಾಮ ಮಾಡಿಸುವಾಗ ಎಣಿಸುತ್ತೇನೆಂದು ಕೇಳಿ ನನಗೆ 'ಒನ್-ಟೂ' ಎಂದೇ ಹೆಸರಿಟ್ಟಿದ್ದರು. "ಬಾರೇ ಒನ್-ಟೂ, ಇವತ್ತು ಎಷ್ಟು ಜನರ ಕಾಲೆಳೆದೆ?" ಎಂದು ನಗುತ್ತಿದ್ದರು.

ಸಂಶೋಧನೆ ಶುರುವಾಗಿ ಒಂದು ವರ್ಷ ಕಳೆದಿರಬೇಕು. ನಾವು ಒಬ್ಬರ ಮನೆಯಲ್ಲಿ ಇದ್ದಾಗ ಮೇಡಂಗೆ ಪಕ್ಕದ ಮನೆಯವರ ಫೋನ್ ಬಂತು. ಅಮ್ಮ ಪರದೆ ಬಿಚ್ಚಲು ಸ್ಟೂಲು ಹತ್ತಿ ಬಿದ್ದಿದ್ದರು. ನಾವು ಹೋಗುವಷ್ಟರಲ್ಲಿ ಆಂಬುಲೆನ್ಸಿನವರು ಅವರನ್ನು ಸ್ಟ್ರೆಚರಿಗೆ ಕಟ್ಟಿ ಮೆಟ್ಟಿಲಿಳಿಸುತ್ತಿದ್ದರು. ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತ್ತು. ಎಕ್ಸ್‌ರೇ ಬೇಡವೇ ಬೇಡ, ದೂರದಿಂದಲೇ ಗೊತ್ತಾಗುತ್ತಿತ್ತು. ಮೇಡಂ ಮುಖದಲ್ಲಿ ರಕ್ತವೇ ಇರಲಿಲ್ಲ. ಅಮ್ಮ ಮಾತ್ರ ನೋವಿನಲ್ಲೂ ಹಲ್ಲು ಕಚ್ಚಿಕೊಂಡು, "ನಿನ್ನ ಓದಿಗೆ ಜನ ಸಾಲ್ತಿಲ್ಲ ಅಂತಿದ್ಯಲ್ಲೇ ಪುಟ್ಟಿ, ತಗೋ" ಎಂದರು.

ಸ್ವಂತ ತಾಯಿಗೆ ಅವರು ಆಪರೇಷನ್ ಮಾಡಲಿಲ್ಲ. ಅವರೇ ಕಲಿಸಿದ ಹುಡುಗನೊಬ್ಬ ಮಾಡಿದ, ಚೆನ್ನಾಗಿಯೇ ಮಾಡಿದ. ಅಧ್ಯಯನಕ್ಕೂ ಅಮ್ಮನನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ, ಮನೆಯವರು ಅಂತ. ಅದು ಗೊತ್ತಾದಾಗ ಅಮ್ಮ, "ಅಂದ್ರೆ ನಾನು ಪುಗಸಟ್ಟೆ ಬಿದ್ದ ಹಾಗಾಯ್ತು" ಎಂದರು. ಅಮ್ಮ ತಮ್ಮ ಹಳೇ ರೀತಿಯಲ್ಲಿ ನಗಾಡಿದ್ದು ಅದೇ ಕೊನೆ.

ಮನೆಗೆ ಬಂದ ಮೇಲೆ ಅಮ್ಮ ಏಳಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕಾರು ಹೆಜ್ಜೆ ಇಟ್ಟಿದ್ದವರು, ಮನೆಯ ಮಂಚ ಸೇರಿದ್ದೇ ಗೋಡೆ ಕಡೆ ತಿರುಗಿಬಿಟ್ಟರು. ನಾನು ದಿನಾ ಸಂಜೆ ಹೋಗುತ್ತಿದ್ದೆ. ಮಲಗಿದಲ್ಲೇ ಕಾಲು ಆಡಿಸುತ್ತಿದ್ದರು, ಕೂರುತ್ತಿದ್ದರು, ಆದರೆ ನಿಲ್ಲಿಸಲು ಹೋದರೆ ಮೈಯೆಲ್ಲ ನಡುಕ. ಮೇಡಂ ಮೊದಮೊದಲು ರಮಿಸಿದರು, ಆಮೇಲೆ ಗದರಿದರು.

"ಎಲ್ಲ ಸರಿಯಾಗಿದೆ ಅಮ್ಮ. ಎಕ್ಸ್‌ರೇ ಫಿಲಂ ತೋರಿಸ್ಲಾ?"

"ಸರಿ ಇರೋದು ಫಿಲಂನಲ್ಲಿ ಕಣೇ. ನನ್ನ ಕಾಲಿಗೆ ಅದು ಗೊತ್ತಿಲ್ಲ."

ಒಂದು ಭಾನುವಾರ ಬೆಳಿಗ್ಗೆ ಮೇಡಂ ತಾಳ್ಮೆ ಕಳೆದುಕೊಂಡರು. ಹಿಂದಿನ ದಿನವಷ್ಟೇ ನಾವು ನೋಡಿ ಬಂದಿದ್ದ ಒಬ್ಬರ ಬೆನ್ನಿನ ಹುಣ್ಣು ಅವರ ಕಣ್ಣಿಗೆ ಕಟ್ಟಿತ್ತೋ ಏನೋ. "ಇವತ್ತು ನೀನು ನಿಲ್ಲಲೇಬೇಕು" ಎಂದು ಅಮ್ಮನ ಕಂಕುಳಿಗೆ ಕೈ ಹಾಕಿ ಎತ್ತಿದರು. ಇನ್ನೊಂದು ಕಡೆ ನಾನು ಹಿಡಿದೆ. "ಬಿದ್ದೋಗ್ತೀನಿ ಪುಟ್ಟಿ, ಬಿಡೇ, ಬಿದ್ದೋಗ್ತೀನಿ!" ಎಂದು ಅಮ್ಮ ಕೂಗಿದರು. "ಬೀಳಲ್ಲ! ಒಳಗಿರೋ ರಾಡು ನಮ್ಮೆಲ್ಲರಿಗಿಂತ ಗಟ್ಟಿ ಇದೆ!" ಎಂದು ಮೇಡಂ ಅದಕ್ಕಿಂತ ಜೋರಾಗಿ ಕೂಗಿದರು. ಅಷ್ಟರಲ್ಲಿ ಅಮ್ಮನ ಬಟ್ಟೆ ಒದ್ದೆಯಾಗಿ, ನೆಲದ ಮೇಲೆ ನಮ್ಮ ಮೂವರ ಪಾದಗಳ ನಡುವೆ ಹರಿಯಿತು.

ಅವರನ್ನು ಮೆಲ್ಲಗೆ ಕೂರಿಸಿದೆವು. ಅಮ್ಮ ನನ್ನ ಮುಖ ನೋಡದೆ, "ಒನ್-ಟೂ, ನೀನು ಸ್ವಲ್ಪ ಆಚೆ ಇರಮ್ಮ" ಎಂದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಬಕೆಟ್ಟಿನ ಸದ್ದು, ನೀರಿನ ಸದ್ದು. ಆಮೇಲೆ ಮೇಡಂ ಅಳುವುದು ಕೇಳಿಸಿತು, ಅಮ್ಮ ಸಮಾಧಾನ ಮಾಡುವುದೂ ಕೇಳಿಸಿತು.

ಅವತ್ತಿನಿಂದ ಮೇಡಂ ಒತ್ತಾಯ ಮಾಡುವುದನ್ನು ಬಿಟ್ಟರು. ಮೆಟ್ಟಿಲಿಲ್ಲದ ಮನೆ ಸಿಕ್ಕರೆ ಅಮ್ಮನಿಗೆ ಹುರುಪು ಬರಬಹುದೆಂದು ಕೆಳಗಿನ ಮಹಡಿಯ ಮನೆಗಳನ್ನು ಹುಡುಕಿದರು. ಅಮ್ಮ, "ಮಲಗೋಕೆ ಯಾವ ಮಹಡಿ ಆದ್ರೇನು" ಎಂದು ತಳ್ಳಿಹಾಕಿದರು. ಕೊನೆಗೆ ಅಮ್ಮನೇ ಒಂದು ದಿನ ಕೇಳಿದರು: "ನಿನ್ನ ಪೇಷೆಂಟುಗಳ ಮನೆಗೆ ಹೋದಾಗ ಅರ್ಧ ಜನ ಇರೋದೇ ಇಲ್ಲ, ಇನ್ನೊಬ್ಬ ಮಗನೋ ಮಗಳೋ ಕರ್ಕೊಂಡು ಹೋಗಿರ್ತಾರೆ, ಸುಮ್ನೆ ಅಲೆದು ಬರ್ತೀವಿ ಅಂತೀಯಲ್ಲ. ಮೊದಲೇ ಫೋನ್ ಮಾಡಿ ಕೇಳೋ ಕೆಲಸ ನನಗೆ ಕೊಡು. ನನಗಿನ್ನೇನು ಬರುತ್ತೆ ಹೇಳು."

ಮೇಡಂ ಗೈಡನ್ನು ಕೇಳಿದರು. ಯಾವ ದಿನ ಬರಬಹುದೆಂದು ವಿಚಾರಿಸುವುದಷ್ಟೇ ಆದರೆ ಅಡ್ಡಿಯಿಲ್ಲ ಎಂದರು ಅವರು. ಅಮ್ಮನ ಮಂಚಕ್ಕೆ ಫೋನ್ ಬಂತು. ಬೆನ್ನಿಗೆ ದಿಂಬು ಕೊಟ್ಟುಕೊಂಡು, ತಲೆ ಬಾಚಿಕೊಂಡು, ಡ್ಯೂಟಿಗೆ ಕೂತಂತೆ ಕೂರುತ್ತಿದ್ದರು. "ನಮಸ್ಕಾರ, ಮೂಳೆ ವಿಭಾಗದ ಪರವಾಗಿ ಮಾತಾಡ್ತಿದ್ದೀನಿ" ಎಂಬ ಆ ದನಿ ಕೇಳಿ ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಾ ನಗುತ್ತಿದ್ದೆ. ಹಗಲೆಲ್ಲ ನಾವು ಆಸ್ಪತ್ರೆಯಲ್ಲಿದ್ದಾಗ ಅವರು ಏನೇನು ಮಾತಾಡುತ್ತಿದ್ದರೋ ನಮಗೆ ಗೊತ್ತಿರಲಿಲ್ಲ. ಮೇಡಂಗೆ ಅಷ್ಟೇ ಸಾಕಾಗಿತ್ತು, ಸಂಜೆ ಬಂದಾಗ ಅಮ್ಮ ಗೋಡೆ ಕಡೆ ತಿರುಗಿರುತ್ತಿರಲಿಲ್ಲ. ನಿಲ್ಲುವ ಮಾತೆತ್ತಿದರೆ ಮಾತ್ರ, "ಆಗಲ್ಲ ಪುಟ್ಟಿ, ಅದೊಂದು ಕೇಳ್ಬೇಡ" ಎನ್ನುತ್ತಿದ್ದರು.

ಹೀಗೆ ಒಂದು ವರ್ಷದ ಮೇಲಾಯಿತು. ಚಳಿಗಾಲದಲ್ಲಿ ಅಮ್ಮನಿಗೆ ಕೆಮ್ಮು ಬಂತು. ಮಲಗಿಯೇ ಇದ್ದವರ ಎದೆಯಲ್ಲಿ ಕಫ ಕಟ್ಟಿದರೆ ಏನಾಗುತ್ತದೆಂದು ಮೇಡಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಕೈಲಾಗದೆ ನಿಂತರು. ಐಸಿಯುವಿನಲ್ಲಿ ಮುಖಕ್ಕೆ ಮಾಸ್ಕು ಹಾಕಿದ ಮೇಲೆ ಅಮ್ಮನ ಮಾತು ನಿಂತಿತು. ಕೈಸನ್ನೆಯಲ್ಲಿ ಏನೋ ಕೇಳುತ್ತಿದ್ದರು. ಫೋನ್ ಎಂದು ನಾನು ಅರ್ಥಮಾಡಿಕೊಂಡೆ. ಯಾರಿಗೆ ಮಾಡಬೇಕೆಂದಿದ್ದರೋ. ಒಂದು ಬೆಳಿಗ್ಗೆ, ಮಗಳು ಕೈ ಹಿಡಿದುಕೊಂಡು ಕೂತಿರುವಾಗಲೇ ಹೋದರು.

ಮೇಡಂ ಬೇಗನೆ ಕೆಲಸಕ್ಕೆ ಮರಳಿದರು. ಯಾರಾದರೂ ಸಾಂತ್ವನ ಹೇಳಲು ಹೋದರೆ ಎಕ್ಸ್‌ರೇ ಕೇಳುತ್ತಿದ್ದರು. ಮನೆಗಳ ಭೇಟಿಯೂ ಮತ್ತೆ ಶುರುವಾಯಿತು.

ಮೊದಲು ಹೋದದ್ದು ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸಿನ ಮನೆಗೆ. ಹಿಂದಿನ ಸಲ ಹೋದಾಗ ಅವರು ಹಾಸಿಗೆ ಬಿಟ್ಟಿರಲಿಲ್ಲ. ಈ ಸಲ ಬಾಗಿಲು ತೆಗೆದವರು ಅವರೇ, ವಾಕರ್ ಹಿಡಿದು ನಿಂತಿದ್ದರು. ನಾವು ಕೂರುವ ಮುಂಚೆಯೇ ಅವರು ಕೇಳಿದರು: "ನಿಮ್ಮ ಫೋನಮ್ಮ ಯಾಕೆ ಈಚೆಗೆ ಫೋನೇ ಮಾಡ್ತಿಲ್ಲ? ಹುಷಾರಾಗಿದ್ದಾರೆ ತಾನೇ?"

ಮೇಡಂ ಚೀಲದಿಂದ ಟೇಪು ತೆಗೆಯುತ್ತಿದ್ದವರು ಹಾಗೇ ನಿಂತರು.

"ಅವರಿಗೂ ನನ್ನ ಹಾಗೇ ಸೊಂಟ ಮುರಿದಿತ್ತಂತಲ್ಲ," ಎಂದು ಆಕೆ ಹೇಳುತ್ತಾ ಹೋದರು. "ಈಗ ಮೂರು ಮಹಡಿ ಇಳಿದು ದಿನಾ ಪಾರ್ಕಿಗೆ ಹೋಗ್ತಾರಂತೆ. ನಾನು ಭಯ ಆಗುತ್ತೆ ಅಂದ್ರೆ, ನನಗೂ ಆಗ್ತಿತ್ತು ಕಣಮ್ಮ, ಒಂದಕ್ಕೆ ಎರಡಕ್ಕೆ ಎಲ್ಲ ಬಟ್ಟೇಲೇ ಆಗೋಗಿತ್ತು, ಆದ್ರೂ ಎದ್ದೆ ಅಂದ್ರು. ನನಗೂ ಹಾಗೇ ಆಗಿತ್ತು, ಅದನ್ನ ನನ್ನ ಮಗಳ ಹತ್ರ ಕೂಡ ಹೇಳಿರ್ಲಿಲ್ಲ ನಾನು. ಅವರು ನಡೀತಾರೆ ಅಂದ್ಮೇಲೆ ನಾನ್ಯಾಕೆ ಮಲಗಿರ್ಲಿ ಅನ್ನಿಸ್ತು. ಯಾಕೆ, ಅವರಿಗೇನಾದ್ರೂ ಆಗಿದೆಯಾ?"

ನಾನು ಮೇಡಂ ಕಡೆ ನೋಡಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಸಾವಿನ ಸಾಧ್ಯತೆಯನ್ನು ಕೂಡ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದವರು.

"ಏನೂ ಆಗಿಲ್ಲ," ಎಂದರು ಮೇಡಂ. "ತಮ್ಮನ ಮನೆಗೆ ಹೋಗಿದ್ದಾರೆ. ಅಲ್ಲೂ ವಾಕಿಂಗ್ ಬಿಟ್ಟಿಲ್ಲ."

"ಹಾಗಿದ್ರೆ ಸರಿ" ಎಂದು ಆಕೆ ನಡೆದು ತೋರಿಸಲು ವಾಕರನ್ನು ಮುಂದಿಟ್ಟರು. ನಾನು ಸಮಯ ನೋಡಬೇಕಿತ್ತು. ಕಣ್ಣು ಮಂಜಾಗಿ ಗಡಿಯಾರದ ಮುಳ್ಳು ಕಾಣಲಿಲ್ಲ, ಇನ್ನೊಂದು ಸಲ ನಡೆಸಿದೆ.

ಮುಂದಿನ ಮನೆಯಲ್ಲಿ ಒಬ್ಬ ಲಾರಿ ಡ್ರೈವರು, ಈಗ ಅಜ್ಜ. ಅವರಂತೂ ಅಮ್ಮನ ಜೊತೆ ಪಂಥ ಕಟ್ಟಿದ್ದರು. ಇವರು ಗೇಟಿನ ತನಕ ನಡೆದರೆ, ಅಮ್ಮ ಪಾರ್ಕಿನಲ್ಲಿ ಒಂದು ಸುತ್ತು ಹೆಚ್ಚಿಗೆ ಹಾಕಬೇಕು. "ಗೇಟು ದಾಟಿ ಅಂಗಡಿ ತನಕ ಹೋಗಿದ್ದೀನಿ ಅಂತ ಹೇಳಿ ಅವರಿಗೆ. ಸೋತರು ಅನ್ನಿ." ಮೇಡಂ "ಹೇಳ್ತೀನಿ" ಎಂದರು. ಹೀಗೇ ಒಂದೊಂದೇ ಮನೆ. ಎಲ್ಲರೂ ಎದ್ದಿರಲಿಲ್ಲ. ಆದರೆ ಎದ್ದವರ ಬಾಯಲ್ಲೆಲ್ಲ ಫೋನಮ್ಮ.

ವಾಪಸು ಬರುವಾಗ ಮೇಡಂ ರಸ್ತೆ ಪಕ್ಕ ಬೈಕ್ ನಿಲ್ಲಿಸಲು ಹೇಳಿದರು. ಒಂದು ಮುಚ್ಚಿದ ಅಂಗಡಿಯ ಜಗುಲಿ ಮೇಲೆ ಕೂತರು.

"ಎಲ್ಲರಿಗೂ ಧೈರ್ಯ ಹೇಳಿದ್ದಾಳೆ," ಎಂದರು. "ನಾನು ಕೇಳಿದ್ರೆ ಮಾತ್ರ ಆಗಲ್ಲ ಅಂತಿದ್ಳು. ಒಳ್ಳೇ ಮಾತಲ್ಲಿ ಕೇಳೋದು ನನಗೆ ಬರ್ಲಿಲ್ವೇನೋ."

"ಹಾಗಲ್ಲ ಮೇಡಂ" ಎಂದೆ.

ಆಮೇಲೆ ಬಂದ ಪೆಟ್ಟು ಇನ್ನೊಂದು. ಅವರ ಅಧ್ಯಯನ ನಿಂತಿದ್ದೇ ಯಾರೂ ಕೈ ಹಾಕದೆ ಇದ್ದದ್ದನ್ನು ನೋಡುತ್ತೇವೆ ಎಂಬುದರ ಮೇಲೆ. ಅಮ್ಮ ಕೈ ಹಾಕಿದ್ದರು. ಅಮ್ಮ ಮಾತಾಡಿಸಿದ್ದವರನ್ನೆಲ್ಲ ಲೆಕ್ಕದಿಂದ ತೆಗೆಯಬೇಕು ಎಂದು ಮೇಡಂ ತಾವಾಗಿಯೇ ಗೈಡ್ ಮುಂದೆ ಹೇಳಿದರು. ನಾನೂ ಅಲ್ಲಿದ್ದೆ. ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂಗು ಮುರಿಯುವ ಮನುಷ್ಯ ಅವತ್ತು ಬಹಳ ಮೆತ್ತಗೆ ಮಾತಾಡಿದರು. "ಅವರನ್ನೆಲ್ಲ ತೆಗೆದ್ರೆ ಉಳಿಯೋದೇನಮ್ಮ? ನನ್ನ ಸರ್ವೀಸೂ ಮುಗೀತಾ ಬಂತು. ನೀವು ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ."

"ಗೊತ್ತು ಸರ್. ಅವರು ಎದ್ದದ್ದು ಅಮ್ಮನ ಸುಳ್ಳಿನಿಂದ. ಅದನ್ನ ನನ್ನ ಹೆಸರಲ್ಲಿ ಬರ್ಕೊಳ್ಳೋಕೆ ಆಗಲ್ಲ."

"ಹಾಗಾದ್ರೆ ಅದನ್ನೇ ವಿಷಯ ಮಾಡ್ಕೊಳ್ಳಿ. ಫೋನ್ ಮಾಡಿ ಧೈರ್ಯ ಹೇಳಿದ್ರೆ ಜನ ನಡೀತಾರೆ ಅಂತ."

ಮೇಡಂ ತಲೆಯಾಡಿಸಿದರು. "ಯಾರ ಹತ್ರ ಎಷ್ಟು ಸಲ, ಏನೇನು ಮಾತಾಡಿದ್ಳು ಅಂತ ಎಲ್ಲೂ ಬರೆದಿಟ್ಟಿಲ್ಲವಲ್ಲ ಸರ್. ಕೇಳೋಣ ಅಂದ್ರೆ ಅವಳಿಲ್ಲ." ಗೈಡ್ ಕಿಟಕಿ ಕಡೆ ತಿರುಗಿಕೊಂಡರು.

ಹೊಸ ಗೈಡ್, ಹೊಸ ರೋಗಿಗಳು, ಮತ್ತೆ ಅದೇ ಬೀದಿಗಳು. ಹಿಂದೆ ನಾಲ್ಕು ಮನೆ ನೋಡುತ್ತಿದ್ದ ಹೊತ್ತಿನಲ್ಲಿ ಈಗ ಎರಡು ಮನೆ. ಮೇಡಂಗೆ ಬೆಳ್ಳಿಕೂದಲು ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮೊದಲು ರೋಗಿಯ ಕಾಲು ನೋಡುತ್ತಿದ್ದವರು ಈಗ ಮಂಚದ ಅಂಚಿನಲ್ಲಿ ಕೂತು, ಬಟ್ಟೆ ಒದ್ದೆಯಾಗುವ ಬಗ್ಗೆ, ಬೀಳುವ ಭಯದ ಬಗ್ಗೆ ಎಲ್ಲರನ್ನೂ ಕೇಳುತ್ತಿದ್ದರು. ಹೆಚ್ಚಿನವರು ಹಾರಿಕೆಯ ಉತ್ತರ ಕೊಡುತ್ತಿದ್ದರು. ಡಾಕ್ಟರ ಹತ್ತಿರ ಯಾರು ಹೇಳುತ್ತಾರೆ? ಪ್ರಬಂಧದಲ್ಲಿ ಆ ಅಧ್ಯಾಯವೇ ಎಲ್ಲಕ್ಕಿಂತ ಚಿಕ್ಕದಾಯಿತು. ಬಟ್ಟೆ ಹೊಲಿಯುವಾಕೆ ಒಮ್ಮೆ ಓಪಿಡಿಗೆ ಬಂದು ವಿಚಾರಿಸಿದಾಗ ಮೇಡಂ ನಿಜ ಹೇಳಿದರು. ಆಕೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತು, ಎದ್ದು, ನಡೆದುಕೊಂಡೇ ಹೋದರು. ಲಾರಿ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು, ಗೆದ್ದೆ ಎಂದುಕೊಂಡೇ.

ವೈವಾ ನಡೆದದ್ದು ಮೇಡಂಗೆ ಐವತ್ತು ತುಂಬಿದ ವರ್ಷ. ಹೊರಗಿನಿಂದ ಬಂದ ಪರೀಕ್ಷಕರು ಕಷ್ಟದ ಪ್ರಶ್ನೆಗಳನ್ನೇ ಕೇಳಿದರು. ಇಷ್ಟು ವರ್ಷ ಯಾಕೆ ಹಿಡಿಯಿತು ಎಂದೂ ಕೇಳಿದರು. "ಮೊದಲು ಸೇರಿಸಿಕೊಂಡಿದ್ದ ಕೆಲವರನ್ನ ಬಿಡಬೇಕಾಯ್ತು" ಎಂದಷ್ಟೇ ಹೇಳಿದರು. ಕೊನೆಗೆ ಎಲ್ಲರೂ ಎದ್ದು ಕೈ ಕುಲುಕಿದರು. ಜೂನಿಯರುಗಳು ಕೇಕ್ ತಂದಿದ್ದರು, ಅದರ ಮೇಲೆ ಕ್ರೀಮಿನಲ್ಲಿ ಸುತ್ತಿಗೆ ಬರೆಸಿದ್ದರು. ಮೇಡಂ ನಕ್ಕರು, ಒಂದು ತುಂಡು ತಿಂದರು, ಮಧ್ಯಾಹ್ನದ ಆಪರೇಷನ್ನಿಗೆ ಹೊರಟುಹೋದರು.

ಸಂಜೆ ನಾನೇ ಮನೆಗೆ ಬಿಟ್ಟೆ. ಕೆಳಗೇ ನಿಂತು, "ನೀನೂ ಬಾ ಮೇಲೆ" ಎಂದರು. ಹೋದೆ. ಬೀಗ ತೆಗೆದು, ಚಪ್ಪಲಿ ಬಿಟ್ಟು, ಚೀಲವನ್ನು ಕುರ್ಚಿಯ ಮೇಲಿಟ್ಟರು. ಖಾಲಿ ಕೋಣೆಯ ನಡುವೆ ನಿಂತು ನನ್ನ ಕಡೆ ತಿರುಗಿದರು.

"ಮನೆಗೆ ಬಂದು ಹೇಳೋಣ ಅಂದ್ರೆ ಯಾರೂ ಇಲ್ಲ ನೋಡು," ಎಂದರು. "ನಾನು ಹೇಳ್ತೀನಿ. ನೀನು ಇವತ್ತು ಅಲ್ಲಿರ್ಲಿಲ್ಲ ಅಂದ್ಕೊಂಡು ಕೇಳ್ತೀಯಾ?"

"ಹೇಳಿ ಮೇಡಂ" ಎಂದೆ.

"ನನಗೆ ಡಾಕ್ಟರೇಟ್ ಬಂತು."

"ಹೌದಾ!" ಎಂದೆ ನಾನು, ನನ್ನಿಂದಾದಷ್ಟು ಜೋರಾಗಿ.